ಇಸ್ತ್ರಿ ಕಾಣದ ಮನೆ

ಅವ್ವನ ಬಲಹೆಗಲು ಎಡಹೆಗಲಿಗಿಂತ ತುಸು ಮೇಲೆದ್ದಿತ್ತು. ಒದ್ದೆ ಅಂಗಿಗಳನ್ನು ಜಾಡಿಸಿ ಜಾಡಿಸಿ ಹಾಗಾಗಿದೆ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಅಂಗಿಯ ಎರಡೂ ಭುಜ ಹಿಡಿದು ಆಕೆ ಒಮ್ಮೆ ಜಾಡಿಸಿದರೆ ಪಟಾಕಿ ಹಾರಿದಂತೆ ಸದ್ದಾಗಿ ಪಕ್ಕದ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದುಬಿಡುತ್ತಿದ್ದವು. ಸಿಡಿದ ಹನಿಗಳು ಮುಖದ ತುಂಬ ನಿಂತಿರುತ್ತಿದ್ದವು. ಒರೆಸಿಕೊಳ್ಳುತ್ತಿರಲಿಲ್ಲ.

ಆಕೆ ನನ್ನ ಹೆತ್ತವ್ವನಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಶಾಲಾ ಮಾಸ್ತರನಾಗಿ ಬಂದಾಗ, ಕೋಟೆಗೋಡೆಯ ಹತ್ತಿರದ ಓಣಿಯಲ್ಲಿ ನನಗೆ ಖೋಲಿ ಬಾಡಿಗೆಗೆ ಕೊಟ್ಟವಳು. ಗಂಡ ಇರಲಿಲ್ಲ. ಮದುವೆಯ ವಯಸ್ಸಿಗೆ ಬಂದ ಒಬ್ಬಳೇ ಮಗಳಿದ್ದಳು. ಕುರಿ ಕಾಯುವ ಮನೆತನದಿಂದ ಮೊದಲು ನೌಕರಿಗೆ ಬಂದವನು ನಾನು. ಅಂಗಿಯನ್ನು ಕಂಬಳಿಯಂತೆ ತಿರುವಿ ಹಿಂಡಿ ಬಿಸಿಲಿಗೆ ಎಸೆಯುವುದಷ್ಟೇ ಗೊತ್ತಿತ್ತು. ಮೊದಲ ವಾರವೇ ಅವ್ವ ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದಳು.

"ಮಾಸ್ತರ್ರ, ನಿಮ್ಮ ಅಂಗಿ ಎಮ್ಮಿ ಬಾಯಾಗಿಂದ ಬಂದಂಗ ಅದಲ್ರಿ. ಹುಡುಗ್ರು ನಗಂಗಿಲ್ಲೇನು?"

"ಇಸ್ತ್ರಿಪೆಟ್ಟಿಗಿ ಇದ್ರ ಕೊಡು ಯವ್ವಾ, ಒಂದೀಟು ಉಜ್ಜಿಕೊಂಡು ಹೋಗ್ತೀನಿ" ಅಂದೆ.

ಆಕೆಯ ಮುಖದ ನಗು ಅಲ್ಲೇ ಆರಿತು. "ನಮ್ಮ ಮನ್ಯಾಗ ಅದು ಇಲ್ರಿ. ಬರೂದೂ ಇಲ್ಲ" ಎಂದು ಒಳಗೆ ಹೋದಳು.

ಕಾರಣವನ್ನು ಮಗಳು ಆಮೇಲೆ ಹೇಳಿದಳು. ಅವಳ ಅಪ್ಪ ಹತ್ತಿ ಮಿಲ್ಲಿನಲ್ಲಿ ಕೂಲಿಯಾಗಿದ್ದ. ಒಂದು ದಿನ ಹತ್ತಿಗೆ ಕಿಡಿ ಬಿದ್ದು, ಒಳಗಿದ್ದವರಲ್ಲಿ ಅವನೊಬ್ಬ ಹೊರಗೆ ಬರಲಿಲ್ಲ. ಸುಟ್ಟ ದೇಹವನ್ನು ಇವಳೂ ನೋಡಿದ್ದಳು, ಸಣ್ಣವಳಿದ್ದಾಗ. ಅಂದಿನಿಂದ ಆ ಮನೆಯಲ್ಲಿ ಬೆಂಕಿ ಒಲೆಯನ್ನು ಬಿಟ್ಟು ಹೊರಗೆ ಬಂದಿರಲಿಲ್ಲ. "ಒಲಿ ಬೆಂಕಿ ಇದ್ದಲ್ಲೇ ಇರ್ತದ್ರಿ" ಎನ್ನುತ್ತಿದ್ದಳು ಅವ್ವ. "ಇಸ್ತ್ರಿ ಅಂದ್ರ ಕೆಂಡ ಕೈಯಾಗ ಹಿಡಕೊಂಡು ಅರಿವಿ ಮ್ಯಾಲ ಆಡಸೂದು. ಅದೆಂಥಾ ಚಂದ?"

ಇಸ್ತ್ರಿಯಿಲ್ಲದೆ ಅಂಗಿಯನ್ನು ನೆಟ್ಟಗಿಡುವ ವಿದ್ಯೆಯನ್ನು ತಾಯಿ ಮಗಳು ಇಬ್ಬರೂ ಸೇರಿ ನನಗೆ ಕಲಿಸಿದರು. ಒಗೆದ ಅಂಗಿಯನ್ನು ಹಿಂಡಬಾರದು; ಹಾಗೇ ತೂಗುಹಾಕಿದರೆ ನೀರು ತಾನೇ ಇಳಿಯುತ್ತದೆ. ಇಳಿದ ಮೇಲೆ ಜಾಡಿಸಬೇಕು. ಎರಡೂ ತೋಳಿನೊಳಗೆ ತೆಳ್ಳನೆ ಬಿದಿರುಕೋಲು ಹಾಯಿಸಿ, ಮೇಲಿನ ಗುಂಡಿ ಹಾಕಿ, ಕಾಲರು, ಗುಂಡಿಪಟ್ಟಿ, ತೋಳಿನ ತುದಿಗಳನ್ನು ಬೆರಳಿನಿಂದ ನೀವಿ ಎಳೆಯಬೇಕು. ರಾಯಚೂರಿನ ಬಿಸಿಲಿಗೆ ಹಾಕಿದರೆ ಹಪ್ಪಳವಾಗುತ್ತದೆ, ನೆರಳಲ್ಲೇ ಆರಬೇಕು. ಪೂರಾ ಒಣಗುವ ಮುಂಚೆ, ಕೈಗೆ ತಣ್ಣಗೆ ತಾಗುವಾಗಲೇ ಇಳಿಸಿ ಮಡಚಿ ಹಾಸಿಗೆಯ ಕೆಳಗಿಟ್ಟು ಮಲಗಬೇಕು. ಮಗಳ ಬೆರಳು ಅವ್ವನದಕ್ಕಿಂತ ನಯ. ಅವಳು ನೀವಿದ ಕಾಲರು ಅಂಗಡಿಯಿಂದ ಬಂದದ್ದರ ಹಾಗೆ ನಿಲ್ಲುತ್ತಿತ್ತು.

ಎಂಬತ್ತರ ಮೊದಲ ವರ್ಷಗಳಲ್ಲಿ ಅವಳನ್ನು ಮಾನ್ವಿಗೆ ಕೊಟ್ಟರು. ಗಂಡ, ಇಬ್ಬರು ಮೈದುನರು, ಮಾವ; ನಾಲ್ವರು ಗಂಡಸರ ಅಂಗಿ ಒಗೆಯುವ ಮನೆ. ಬಾಣಂತನಕ್ಕೆ ಬಂದಾಗ ಅವಳು ಇಳಿದುಹೋಗಿದ್ದಳು. ಹೆಣ್ಣುಕೂಸು ಹುಟ್ಟಿತು. ಗಂಡ ನೋಡಲು ಬಂದವನು ಕೂಸಿನ ಮುಖ ನೋಡುವ ಮೊದಲು ಮನೆಯ ಗೋಡೆ, ಮಾಳಿಗೆ ನೋಡಿದ. ರಾಯಚೂರಿನ ಈ ಮನೆಯನ್ನು ತನ್ನ ಹೆಸರಿಗೆ ಮಾಡಬೇಕು ಎನ್ನುವುದು ಅವನ ಹಟ. "ನಾ ಸತ್ತ ಮ್ಯಾಲ ಅಕಿಗೇ ಅಲ್ಲೇನಪಾ" ಎಂದಳು ಅವ್ವ. ಅವನು ಊಟ ಮಾಡದೆ ಎದ್ದು ಹೋದ. ಮಗಳು ಕೂಸನ್ನು ಎತ್ತಿಕೊಂಡು ಮಾನ್ವಿ ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿ, "ಅಣ್ಣಾ, ಅವ್ವನ ಕಡಿ ಲಕ್ಷ್ಯ ಇರ್ಲಿ" ಎಂದಷ್ಟೇ ಹೇಳಿದಳು.

ಕೂಸು ಅಂಬೆಗಾಲಿಡುವ ಹೊತ್ತಿಗೆ ಮಾನ್ವಿಯಿಂದ ಒಬ್ಬ ಮನುಷ್ಯ ಬಂದು, ಮಗಳಿಗೆ ಆರಾಮಿಲ್ಲ, ಹೊರಡಿ ಎಂದ. ನಾನು ಅವ್ವನ ಜೊತೆ ಹೋದೆ. ದವಾಖಾನೆಯ ವರಾಂಡದಲ್ಲಿ ಮಗಳನ್ನು ಬಿಳಿ ಬಟ್ಟೆ ಮುಚ್ಚಿ ಮಲಗಿಸಿದ್ದರು. ಅವ್ವ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು.

"ಇಸ್ತ್ರಿ ಮಾಡಾಕತ್ತಿದ್ಲು. ಕೆಂಡ ಸೆರಗಿಗೆ ಬಿತ್ತು" ಅಂದಳು ಅಳಿಯನ ತಾಯಿ.

ಅವ್ವ ಅವಳನ್ನೇ ನೋಡಿದಳು. "ಏನು ಮಾಡಾಕತ್ತಿದ್ಲು?"

"ಇಸ್ತ್ರಿ."

ಅಳಿಯನ ಮನೆಗೆ ಹೋದಾಗ ಪೊಲೀಸ್ ಫೌಜದಾರರು ಪಂಚನಾಮೆ ಮಾಡುತ್ತಿದ್ದರು. ಪಡಸಾಲೆಯಲ್ಲಿ ಕರಕಾದ ಕೌದಿ, ಅದರ ಪಕ್ಕ ಮಗ್ಗುಲಾಗಿ ಬಿದ್ದ ಇಸ್ತ್ರಿಪೆಟ್ಟಿಗೆ. ಅವ್ವ ಅದನ್ನು ದಾಟಿ ನೇರ ಹಿತ್ತಲಿಗೆ ಹೋದಳು. ಅಲ್ಲಿ ಬೇವಿನ ನೆರಳಲ್ಲಿ ಬಿದಿರುಕೋಲು ಹಾಯಿಸಿದ ಗಂಡಸರ ಅಂಗಿಗಳು ತೂಗುತ್ತಿದ್ದವು. ಬೆಳಿಗ್ಗೆ ಹಾಕಿದವು, ಯಾರೂ ಇಳಿಸಿರಲಿಲ್ಲ. ಮೇಲಿನ ಗುಂಡಿ ಹಾಕಿತ್ತು. ಕಾಲರು ನೀವಿ ಎಳೆದಿತ್ತು. ಅವ್ವ ಒಂದೊಂದರ ಮೇಲೂ ಕೈಯಾಡಿಸುತ್ತ ಹೋಗಿ, ಕೊನೆಯದರ ಹತ್ತಿರ ನಿಂತು ಕೂಗಿದಳು.

"ಫೌಜದಾರ್ ಸಾಹೇಬ್ರ, ಇಲ್ಲಿ ಬರ್ರಿ! ಈ ಅಂಗಿ ನೋಡ್ರಿ. ಎಲ್ಲ್ಯಾರ ಒಂದು ಸುಕ್ಕು ಅದ ಏನು? ಇವಕ್ಕ ಇಸ್ತ್ರಿ ಯಾಕ ಬೇಕಿತ್ತು? ನನ್ನ ಮಗಳು ಹುಟ್ಟಿದಾಗಿಂದ ಇಸ್ತ್ರಿಪೆಟ್ಟಿಗಿ ಮುಟ್ಟಿಲ್ರಿ. ಮಂದಿ ಮನ್ಯಾಗ ಅದನ್ನ ಕಂಡ್ರೂ ದೂರ ಸರೀತಿದ್ಲು."

ಫೌಜದಾರರು ಅಂಗಿಗಳನ್ನು ನೋಡಿದರು. ಒಳ್ಳೆಯ ಮನುಷ್ಯ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಯವ್ವಾ, ನನಗ ತಿಳೀತು" ಎಂದರು. "ಆದ್ರ ಒಣಗಿದ ಅಂಗಿ ತೋರಿಸಿದ್ರ ಕೋರ್ಟು ಒಪ್ಪಂಗಿಲ್ಲ. ನೀ ಹೇಳಿದ್ದು ಬರಕೋತೀನಿ. ಕಡೀತನಕ ಈ ಮಾತಿನ ಮ್ಯಾಲ ನಿಲ್ಲಬೇಕು."

"ನಿಲ್ತೀನ್ರಿ" ಎಂದಳು ಅವ್ವ.

ಆಕೆಯ ಮಾತಿನ ಮೇಲೆಯೇ ಕೇಸು ರಾಯಚೂರಿನ ಕೋರ್ಟಿಗೆ ಬಂತು. ಕೂಸು ಮಾತ್ರ ಮಾನ್ವಿಯಲ್ಲೇ ಉಳಿಯಿತು. ಅವ್ವ ಆಗಾಗ ಬಸ್ಸು ಹತ್ತಿ ಹೋಗುತ್ತಿದ್ದಳು. ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಒಮ್ಮೆ ನಾನೂ ಹೋದೆ. ಕೂಸು ಅಂಗಳದ ಮೂಲೆಯಲ್ಲಿ ಒಂದೇ ಕೂತಿತ್ತು. ಮೈಮೇಲೆ ಬಟ್ಟೆಯಿಲ್ಲ, ಹೊಟ್ಟೆ ಊದಿ ಕೈಕಾಲು ಕಡ್ಡಿಯಾಗಿದ್ದವು. ಮಣ್ಣು ಬಾಯಿಗೆ ಹಾಕಿಕೊಂಡು ಕೆಮ್ಮುತ್ತಿತ್ತು. ಅಜ್ಜಿ ಕರೆದರೆ ತಿರುಗಿ ನೋಡುವಷ್ಟೂ ತ್ರಾಣವಿರಲಿಲ್ಲ.

ಅದಾದ ಕೆಲವು ದಿನಕ್ಕೆ ಅಳಿಯನ ಕಡೆಯ ಹಿರಿಯನೊಬ್ಬ ರಾಯಚೂರಿಗೆ ಬಂದು ಕಟ್ಟೆಯ ಮೇಲೆ ಕೂತ. ಮೆತ್ತಗೆ ಮಾತಾಡುವ ಮನುಷ್ಯ.

"ಕೇಸು ನಡೀಲಿ ಬಿಡವ್ವಾ. ವರ್ಷಗಟ್ಟಲೆ ನಡೀತದ. ಅಷ್ಟರಾಗ ಕೂಸು ಇರ್ತದೋ ಇಲ್ಲೋ, ದೇವರಿಗೆ ಗೊತ್ತು."

"ಹಂಗಂದ್ರೇನ್ರಿ?" ಎಂದು ನಾನು ಎದ್ದುನಿಂತೆ.

ಅವನು ನನ್ನ ಕಡೆ ನೋಡಲೇ ಇಲ್ಲ. "ಮಗಳು ಇಸ್ತ್ರಿ ಮಾಡ್ತಿದ್ಲು ಅಂತ ಕೋರ್ಟಿನ್ಯಾಗ ಅನ್ನು. ಅವತ್ತ ಕೂಸಿನ್ನ ಎತ್ತಿಕೊಂಡು ಹೋಗು. ಹುಡುಗ ಇನ್ನೊಂದು ಮದುವಿ ಆಗಾಂವ, ನಮಗೂ ಅದು ಬ್ಯಾಡ."

ಅವನು ಹೋದ ಮೇಲೆ ನಾನು ಕೂಗಾಡಿದೆ. ಇಂಥವರಿಗೆ ಬಗ್ಗಬಾರದು ಎಂದೆ. ವಕೀಲರನ್ನು ಕೇಳಿದ್ದೆವು; ತಂದೆ ಬದುಕಿರುವಾಗ ಅಜ್ಜಿಗೆ ಕೂಸು ಬೇಗ ಸಿಗುವುದಿಲ್ಲ ಎಂದಿದ್ದರು. ಅವ್ವ ನನ್ನ ಮಾತೆಲ್ಲ ಮುಗಿಯುವತನಕ ಕಾದು ಕೇಳಿದಳು: "ಮಾಸ್ತರ್ರ, ನೀವಂದಂಗ ನಿಂತ್ರ ಕೂಸು ಉಳೀತದೇನ್ರಿ?"

ನಾನು ಮತ್ತೆ ಕಟ್ಟೆಯ ಮೇಲೆ ಕೂತೆ.

ಕೋರ್ಟಿನ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಳಿಯ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಅವ್ವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ನಿಮ್ಮ ಮಗಳು ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳೇ?" ಎಂದು ಸರಕಾರಿ ವಕೀಲರು ಕೇಳಿದರು.

"ಹೌದ್ರಿ. ದಿನಾ ಮಾಡ್ತಿದ್ಲು."

"ಹಾಗಾದರೆ ಮೊದಲು ಪೊಲೀಸರಿಗೆ ಹೇಳಿದ್ದು?"

"ದುಃಖದಾಗ ಅಂದಿದ್ದೆ." ಯಾರೂ ಕೇಳದಿದ್ದರೂ ಸೇರಿಸಿದಳು: "ಇಸ್ತ್ರಿ ಮಾಡೂದು ನಾನ ಕಲಿಸಿದ್ದೆ."

ಗೋಡೆಗೆ ಆತು ನಿಂತಿದ್ದ ಫೌಜದಾರರು ತಲೆ ತಗ್ಗಿಸಿದರು. ಕೋರ್ಟಿಗೆ ಬೇರೆ ಸಾಕ್ಷಿ ಇರಲಿಲ್ಲ. ಕೇಸು ಅಲ್ಲಿಗೆ ಮುಗಿಯಿತು.

ಹೊರಗೆ ಮರದ ಕೆಳಗೆ ಆ ಹಿರಿಯ ಕೂಸನ್ನು ಕೊಟ್ಟ, ಮಾತು ತಪ್ಪಲಿಲ್ಲ. ಅವ್ವ ಸೆರಗಿನಲ್ಲಿ ಸುತ್ತಿಕೊಂಡು, ಹಿಂದೆ ನೋಡದೆ ನೇರ ದವಾಖಾನೆಯ ದಾರಿ ಹಿಡಿದಳು.

ಓಣಿ ಆಕೆಯನ್ನು ಕ್ಷಮಿಸಲಿಲ್ಲ. ಮಗಳ ಹೆಣದ ಮೇಲೆ ರಾಜಿಯಾದವಳು ಎಂದರು. ನಳದ ಹತ್ತಿರ ಆಕೆ ಬಂದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ನಾನು ಒಮ್ಮೆ ತಡೆಯಲಾರದೆ, ಎಲ್ಲರಿಗೂ ಇದ್ದದ್ದು ಹೇಳಿಬಿಡುತ್ತೇನೆ ಎಂದೆ. ಅವ್ವ ನನ್ನ ಕೈ ಹಿಡಿದಳು. "ಬ್ಯಾಡ್ರಿ. ಈ ಸುದ್ದಿ ಮಾನ್ವಿ ಮುಟ್ಟಿದ್ರ ಕೂಸಿನ್ನ ಕಸಗೊಂಡು ಹೋಗ್ತಾರ. ನನಗ ಅಂದ್ರ ಅನ್ಲಿ." ಕೂಸು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಅವ್ವ ಮಾತ್ರ ಅಂದಿನಿಂದ ಗಂಡಸರ ಅಂಗಿಗೆ ಕೈ ಹಚ್ಚಲಿಲ್ಲ. ನನ್ನವನ್ನು ನಾನೇ ಒಗೆದು ಹಾಕುತ್ತಿದ್ದೆ. ಆಕೆ ಆ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಮುಂದೆ ನನಗೆ ಮದುವೆಯಾಯಿತು, ದೇವದುರ್ಗಕ್ಕೆ ವರ್ಗವಾಯಿತು. ನಮಗೆ ಮಕ್ಕಳಾಗಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವ್ವನಿಗೆ ಉಬ್ಬಸ ಜೋರಾಗಿ, ನಾನೂ ನನ್ನ ಹೆಂಡತಿಯೂ ಹೋಗಿ ಅಜ್ಜಿ ಮೊಮ್ಮಗಳಿಬ್ಬರನ್ನೂ ದೇವದುರ್ಗಕ್ಕೆ ಕರೆತಂದೆವು. ಮೊಮ್ಮಗಳು ಶಾಲೆಗೆ ಹೋದ ಹೊತ್ತು ನೋಡಿ ಅವ್ವ ನನ್ನನ್ನು ಹತ್ತಿರ ಕರೆದಳು.

"ಅಕಿಗೆ ತಿಳಿವಳಕಿ ಬಂದ ಮ್ಯಾಲ ಹೇಳ್ರಿ ಮಾಸ್ತರ್ರ. ಅವರವ್ವ ಕೈತಪ್ಪಿ ಸತ್ತಾಕಿ ಅಲ್ಲ ಅಂತ. ಅಜ್ಜಿ ಸುಳ್ಳು ಹೇಳಿದ್ಲು ಅಂತ. ಬೈದ್ರ ಬೈಲಿ."

ಎರಡು ದಿನದ ಮೇಲೆ, ಬೆಳಗಿನ ಚಹಾ ತಂದಿಟ್ಟು ನನ್ನ ಹೆಂಡತಿ ಎಬ್ಬಿಸಲು ಹೋದಾಗ ಅವ್ವ ಏಳಲಿಲ್ಲ. ರಾಯಚೂರಿನ ಓಣಿಗೆ ಹೇಳಿ ಕಳಿಸಿದೆ. ಮಣ್ಣಿಗೆ ಯಾರೂ ಬರಲಿಲ್ಲ.

ಹುಡುಗಿ ನಮ್ಮ ಮನೆಯಲ್ಲೇ ಬೆಳೆದಳು. ಕಾಲೇಜು ಮುಗಿಸಿದ ವರ್ಷ ಅವಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಹಿತ್ತಲಿನ ಅಂಗಿಗಳನ್ನೂ, ಕಟಕಟೆಯನ್ನೂ, ನಳದ ಹತ್ತಿರ ಸರಿದ ಕೊಡಗಳನ್ನೂ ಬಿಡಲಿಲ್ಲ. ಅವಳು ಕೇಳಿದ್ದು ಒಂದೇ.

"ಅಪ್ಪಾ, ಅಜ್ಜಿ ಖರೇ ಹೇಳಿದ್ರ ನಾ ಉಳೀತಿದ್ದಿಲ್ಲ, ಅಲ್ಲೇನು?"

"ಉಳೀತಿದ್ದಿಲ್ಲವ್ವಾ" ಎಂದೆ.

ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೇ ಕೂತಿದ್ದೆ. ನನ್ನನ್ನು ಅಪ್ಪಾ ಎಂದು ಕರೆಯಲು ಈ ಲೋಕದಲ್ಲಿ ಒಂದು ಜೀವವಿದ್ದರೆ, ಅದು ಅವ್ವ ಅಂದು ಎಲ್ಲರೆದುರು ಹೇಳಿದ ಆ ಸುಳ್ಳಿನಿಂದ.