ಪಟ್ಟಿಯ ಲಾಕ್ ಮೊದಲು

ಆ ದಿನ ಕಾಲೇಜು ಲ್ಯಾಬಿನ ಮೂವತ್ತು ಕಂಪ್ಯೂಟರ್ ಪರದೆಗಳು ಒಮ್ಮೆಲೇ ನಿಂತದ್ದು ನನ್ನಿಂದ. ರೇಣುಕಾ ಮೇಡಂ ಅವರಿಂದ ಅಲ್ಲ. ನಾನು ಕದ್ದು ಬರೆದ ಆರು ಸಾಲುಗಳಿಂದ. ಅದು ನನಗೆ ಅಂದೇ ಗೊತ್ತಾಗಿತ್ತು — ಗೊತ್ತಿದ್ದೂ, ಪ್ರಿನ್ಸಿಪಾಲರು ಕೇಳಿದಾಗ ಇಲ್ಲ ಎಂದೆ. ಅಬ್ಬಾ, ಬರೆದೆ! ಇಪ್ಪತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದು, ಬರೆಯಹೋದರೆ ಇಷ್ಟೇ ಇಷ್ಟು ಆಯಿತು ನೋಡಿ.

ಇದನ್ನು ರೇಣುಕಾ ಅವರಿಗೆ ಎದುರಿಗೇ ಹೇಳಿ ಈಗ ಮೂರು ವಾರ. ಅಂದಿನಿಂದ ಊಟ ರುಚಿಸುತ್ತಿದೆ. ಸಿಡುಕುವುದು ಕಡಿಮೆಯಾಗಿದೆ ಎಂದು ಹೆಂಡತಿಯೇ ಹೇಳಿದಳು, ಅವಳು ಸುಮ್ಮಸುಮ್ಮನೆ ಹೊಗಳುವವಳಲ್ಲ. ಆದರೆ ಗಂಗಾವತಿಯ ಆ ಕಾಲೇಜಿನಲ್ಲಿ ಆಗ ನಮ್ಮ ಜೊತೆಗಿದ್ದವರು ಇವತ್ತಿಗೂ ತಪ್ಪು ರೇಣುಕಾ ಅವರದೆಂದೇ ನಂಬಿದ್ದಾರೆ. ಅವರ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ, ಅದು ನನಗೆ ಅನ್ನ ಕೊಟ್ಟಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಕಂಪ್ಯೂಟರ್ ವಿಭಾಗದ ಹಿರಿಯ ಅಧ್ಯಾಪಕ. ರೇಣುಕಾ ಹನುಮಸಾಗರದ ಕಡೆಯವರು. ಲ್ಯಾಬಿನಲ್ಲಿ ತಾತ್ಕಾಲಿಕ ನೌಕರಿ. ಆ ಬೇಸಿಗೆಗೆ ಅದು ಕಾಯಂ ಆಗುವುದಿತ್ತು. ನಮ್ಮಲ್ಲಿದ್ದದ್ದು ಎಲ್ಲಿಂದಲೋ ತಂದ ಹಳೆಯ ಸರ್ವರ್ — ಪ್ರೊಸೆಸರ್ ಎರಡು, ಮೆಮೊರಿ ಮಾತ್ರ ಅಷ್ಟಕ್ಕಷ್ಟೇ. ಮೂವತ್ತು ಪರದೆಗಳೂ ಅದೊಂದನ್ನೇ ನಂಬಿದ್ದವು. ಮೆಮೊರಿ ತುಂಬಿದಾಗ ಅದು ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತಿತ್ತು, ಬೀಗರು ಬಂದಾಗ ನಾವು ಸಾಮಾನನ್ನು ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ಇದಕ್ಕೇ ಸ್ವಾಪ್ ಎನ್ನುವುದು. ನಮ್ಮಲ್ಲಿ ಸ್ವಾಪಿಗೆಂದೇ ಎರಡು ಡಿಸ್ಕ್ ಇದ್ದವು.

ಡಿಸ್ಕಿನಲ್ಲಿ ಯಾವ ಜಾಗ ಖಾಲಿ, ಯಾವುದು ತುಂಬಿದೆ ಎಂದು ನೋಡಿಕೊಳ್ಳುವುದು ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ಎರಡು ಪ್ರೊಸೆಸರುಗಳು ಒಟ್ಟಿಗೇ ಆ ವಿವರಕ್ಕೆ ಕೈಹಾಕಿದರೆ ಒಂದೇ ಜಾಗ ಇಬ್ಬರ ಪಾಲಾಗುತ್ತದೆ. ಅದಕ್ಕಾಗಿಯೇ ಲಾಕ್: ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಕಾಯಬೇಕು. ನಮ್ಮ ಕರ್ನೆಲ್ಲಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಲಾಕ್ ಇತ್ತು. ಒಂದು ಡಿಸ್ಕಿನ ಕೆಲಸ ಮುಗಿಯುವವರೆಗೆ ಇನ್ನೊಂದರ ಕೆಲಸವೂ ನಿಲ್ಲುತ್ತಿತ್ತು, ಪರದೆಗಳು ತೆವಳುತ್ತಿದ್ದವು. ರೇಣುಕಾ ಅದನ್ನು ಒಡೆದರು — ಜಾಗ ಖಾಲಿಯಿರುವ ಡಿಸ್ಕುಗಳ ಪಟ್ಟಿಗೆ ಒಂದು ಲಾಕ್, ಪ್ರತಿ ಡಿಸ್ಕಿಗೆ ಅದರದೇ ಒಂದು ಲಾಕ್. ಯಾರೂ ಹೇಳಿಕೊಡದೆ, ಎರಡು ತಿಂಗಳು ಕೂತು. ಒಂದೇ ಒಂದು ಕಟ್ಟಳೆ ಮಾಡಿದ್ದರು. ಅದನ್ನು ಹುಡುಗರಿಗೂ ಹೇಳಿದ್ದರು, ನನಗೂ ಹೇಳಿದ್ದರು.

"ಎರಡೂ ಬೇಕಾದ್ರ ಪಟ್ಟೀದು ಮೊದಲ ಹಿಡೀಬೇಕ್ರಿ ಸರ್, ಡಿಸ್ಕಿಂದು ಆಮ್ಯಾಲ. ಒಂದ ಕಡೆ ಉಲ್ಟಾ ಆದ್ರೂ ಎಲ್ಲಾ ನಿಂತಬಿಡ್ತೈತಿ."

ನಾನು ತಲೆಯಾಡಿಸಿದೆ. ಒಳಗೆ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಹುಡುಕಿ ಸಾಕಾಗಿದೆ. ಹುಡುಗರು ಅನುಮಾನ ಬಂದರೆ ನನ್ನ ಕೋಣೆ ದಾಟಿ ರೇಣುಕಾ ಅವರ ಮೇಜಿಗೆ ಹೋಗುತ್ತಿದ್ದರು. ನಾನು ಪುಸ್ತಕ ನೋಡಿ ಹೇಳುವುದನ್ನು ಅವರು ಕರ್ನೆಲ್ ತೆರೆದು ತೋರಿಸುತ್ತಿದ್ದರು.

ಹುಡುಗರ ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಅವರು ಊರಿಗೆ ಹೋಗಿದ್ದರು. ನಾನು ಅವರ ಕೆಲಸ ತೆರೆದು ಓದತೊಡಗಿದೆ. ಸ್ವಾಪಿನ ಜಾಗ ವಾಪಸು ಕೊಡುವಾಗ ಪ್ರತಿಸಲವೂ ಪಟ್ಟಿಯ ಲಾಕ್ ಹಿಡಿದು, ಆಮೇಲೆ ಡಿಸ್ಕಿನ ಲಾಕ್ ಹಿಡಿಯುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಪಟ್ಟಿಯನ್ನು ಬದಲಿಸುವ ಪ್ರಸಂಗವೇ ಬರುವುದಿಲ್ಲ, ಸುಮ್ಮನೆ ಯಾಕೆ ಹಿಡಿಯಬೇಕು? ಮೊದಲು ಡಿಸ್ಕಿನದು ಹಿಡಿದು ನೋಡೋಣ, ಬೇಕೆನಿಸಿದರೆ ಪಟ್ಟಿಯದು ಹಿಡಿದರಾಯಿತು — ಹೀಗೆ ಯೋಚಿಸಿ ಆರು ಸಾಲು ತಿದ್ದಿದೆ. ಒಬ್ಬನೇ ಕೂತು ಓಡಿಸಿ ನೋಡಿದೆ, ಚುರುಕಾಗಿಯೇ ಓಡಿತು. ಒಬ್ಬನೇ ಇದ್ದಾಗ ಓಡದೆ ಏನು ಮಾಡೀತು!

ಕರ್ನೆಲ್ ಮುಟ್ಟಿದವರು ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಬೇಕೆಂಬ ಪದ್ಧತಿ ನಮ್ಮಲ್ಲಿತ್ತು. ಆ ಪದ್ಧತಿ ಮಾಡಿದವನು ನಾನೇ. ನಾನು ಬರೆಯಲಿಲ್ಲ. ನಾನು ಮಾಡಿದ ಕಾಯಿದೆ ಕಿರಿಯರಿಗೆ, ನನಗಲ್ಲ ಎಂಬ ಗತ್ತು. ಇನ್ನೂ ಒಂದು ಆಸೆ ಇತ್ತು — ಪರೀಕ್ಷೆ ಮುಗಿದ ಮೇಲೆ, ಏನು ಛಲೋ ನಡೀತಲ್ಲ ಎಂದು ಯಾರಾದರೂ ಅಂದಾಗ, ಅದು ನನ್ನದು ಎಂದು ಹಗುರವಾಗಿ ಹೇಳಬೇಕೆಂದು... ಛೇ.

ಸೋಮವಾರ ಹೊರಗಿನ ಪರೀಕ್ಷಕರು ಬಂದು ಕುಳಿತಿದ್ದರು. ಮೊದಲ ಒಂದು ತಾಸು ಎಲ್ಲ ಸರಿಯಾಗಿತ್ತು. ಬೇಗ ಮುಗಿಸಿದ ಹುಡುಗರು ಒಬ್ಬೊಬ್ಬರೇ ಹೊರಬೀಳತೊಡಗಿದರು. ಅಂದರೆ ಅವರ ಸ್ವಾಪಿನ ಜಾಗ ವಾಪಸು ಹೋಗತೊಡಗಿತು. ಉಳಿದವರಿಗೆ ಹೊಸ ಜಾಗ ಬೇಕಿತ್ತು. ಒಂದು ಪ್ರೊಸೆಸರ್ ಪಟ್ಟಿಯ ಲಾಕ್ ಹಿಡಿದು ಡಿಸ್ಕಿನದಕ್ಕೆ ಕಾಯುತ್ತ ನಿಂತಿತು. ಇನ್ನೊಂದು, ನನ್ನ ಆರು ಸಾಲಿನ ಪುಣ್ಯದಿಂದ, ಡಿಸ್ಕಿನದು ಹಿಡಿದು ಪಟ್ಟಿಯದಕ್ಕೆ ಕಾಯುತ್ತ ನಿಂತಿತು. ಕಾಲುವೆ ಏರಿಯ ಮೇಲೆ ಭತ್ತ ಹೇರಿದ ಎರಡು ಟ್ರ್ಯಾಕ್ಟರುಗಳು ಎದುರಾಬದುರು ಸಿಕ್ಕಿಬಿದ್ದಂತೆ. ಮೂವತ್ತು ಪರದೆಗಳೂ ಸತ್ತವು. ಹುಡುಗಿಯೊಬ್ಬಳು ಅಳತೊಡಗಿದಳು. ಬರೆದದ್ದೆಲ್ಲ ಹೋಯಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ರೇಣುಕಾ ನಿಂತೇ ಇದ್ದರು, ನಾನು ಕುಳಿತಿದ್ದೆ. ತಮ್ಮ ಕೆಲಸವನ್ನು ಬಿಡಿಸಿ ಹೇಳುತ್ತಿದ್ದರು — ಪಟ್ಟಿಯದು ಮೊದಲು, ಡಿಸ್ಕಿನದು ಆಮೇಲೆ, ಎಲ್ಲೂ ತಪ್ಪಿಸಿಲ್ಲ. ಅದನ್ನು ಕೇಳುತ್ತಿರುವಾಗಲೇ ನನಗೆ ಹೊಳೆಯಿತು. ಉಲ್ಟಾ ಹಿಡಿದವನು ನಾನು. ಪ್ರಿನ್ಸಿಪಾಲರು ನೋಟ್‌ಬುಕ್ ನೋಡಿ ನನ್ನ ಕಡೆ ತಿರುಗಿದರು.

"ಇದರಾಗ ಮೇಡಮ್ಮಾರ ಹೆಸರ ಒಂದ ಐತಿ. ಬ್ಯಾರೆ ಯಾರರ ಮುಟ್ಟ್ಯಾರೇನ್ರಿ?"

ರೇಣುಕಾ ಕೂಡ ನನ್ನನ್ನೇ ನೋಡಿದರು. ಅನುಮಾನದಿಂದಲ್ಲ — ಸರ್ ಏನಾದರೂ ಹೇಳಿ ಕಾಪಾಡುತ್ತಾರೆ ಎಂಬ ನಂಬಿಕೆಯಿಂದ.

"ಇಲ್ರಿ," ಎಂದೆ.

ರೇಣುಕಾ ಪ್ರಿನ್ಸಿಪಾಲರ ಕಡೆ ತಿರುಗಿ, "ಹಂಗಾದ್ರ ನನ್ನ ಕಡೀಂದನ ಏನೋ ತಪ್ಪಾಗಿರಬೇಕ್ರಿ ಸರ್," ಎಂದರು. ಅವರ ನೌಕರಿ ಮುಂದುವರಿಯಲಿಲ್ಲ. ಹೋಗುವಾಗ ನನಗೆ ನಮಸ್ಕಾರ ಮಾಡಿ ಹೋದರು.

ಇದಕ್ಕಿಂತ ಹೊಲಸು ಕೆಲಸ ಮುಂದಿನದು. ಅವರು ಹೋದ ಮೇಲೆ ಅದೇ ವಾರ ನನ್ನ ಆರು ಸಾಲು ತೆಗೆದುಹಾಕಿದೆ. ಸರ್ವರ್ ಮತ್ತೆಂದೂ ನಿಲ್ಲಲಿಲ್ಲ. ನೋಡ್ರಿ, ಆ ಮೇಡಂ ಹೋದ್ರು, ಸರ್ ಕೈಯಾಡಿಸಿದ್ರು, ಎಲ್ಲಾ ಸರಿ ಹೋತು ಎಂದು ಮಂದಿ ಮಾತಾಡಿದರು. ನಾನು ನಕ್ಕು ಚಹಾ ಕುಡಿದೆ. ಓಡುತ್ತಿದ್ದದ್ದು ಅವರೇ ಬರೆದದ್ದು, ಅಕ್ಷರ ಅಕ್ಷರವೂ. ಒಂದು ಸಿಡಿಯಲ್ಲಿ ಅವರದನ್ನೂ ನನ್ನ ಆರು ಸಾಲನ್ನೂ ಹಾಕಿ ಟ್ರಂಕಿನಲ್ಲಿಟ್ಟೆ. ಅದನ್ನು ಎಸೆಯುವ ಧೈರ್ಯವೂ ಆಗಲಿಲ್ಲ.

ನಿವೃತ್ತಿಯಾದ ಮೇಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮೂರು ವಾರದ ಹಿಂದೆ ಕುಷ್ಟಗಿಯ ಹತ್ತಿರದ ಒಂದು ಶಾಲೆಗೆ ಹೋದೆ. ಹನ್ನೊಂದು ಜನ ಶಿಕ್ಷಕರು. ಹಿಂದಿನ ಸಾಲಿನಲ್ಲಿ ರೇಣುಕಾ! ಕೂದಲು ಬೆಳ್ಳಗಾಗಿದೆ, ಗಣಿತ ಕಲಿಸುತ್ತಾರೆ. ನನ್ನನ್ನು ಕಂಡು ಎದ್ದು ನಿಂತರು, ಸಂತೋಷದಿಂದ. ಎಲ್ಲರೂ ಕೀಬೋರ್ಡ್ ಮುಂದೆ ಕುಳಿತರೆ ಅವರು ಮಾತ್ರ ಕೈಕಟ್ಟಿ ನಿಂತಿದ್ದರು.

"ನನಗ ಬ್ಯಾಡ್ರಿ ಸರ್. ನಾ ಮುಟ್ಟಿದ್ರ ನಿಲ್ತೈತಿ, ನಿಮಗ ಗೊತ್ತಲ್ಲ," ಎಂದು ನಕ್ಕರು. ಉಳಿದವರೂ ನಕ್ಕರು, ಅದು ಆ ಶಾಲೆಯಲ್ಲಿ ಹಳೆಯ ತಮಾಷೆ ಇರಬೇಕು.

ನಾನು ಪಾಠ ನಿಲ್ಲಿಸಿದೆ. ಹನ್ನೊಂದು ಮಂದಿಯ ಮುಂದೆಯೇ ಹೇಳಿದೆ — ಶನಿವಾರ, ಆರು ಸಾಲು, ನೋಟ್‌ಬುಕ್, ಇಲ್ರಿ ಎಂದದ್ದು, ಆಮೇಲೆ ಚಹಾ ಕುಡಿದದ್ದು. ಎಲ್ಲ.

ಅವರ ನಗು ನಿಂತಿತು. "ಬೋರ್ಡಿನ ಮ್ಯಾಲ ಬರದ ತೋರಸ್ರಿ," ಎಂದರು. ಬರೆದೆ. ಹತ್ತಿರ ಬಂದು ಎರಡು ಸಲ ಓದಿದರು.

"ಹಂಗಾದ್ರ ನನ್ನ ತಲಿ ಸರಿ ಇತ್ತು."

"ಸರಿ ಇತ್ರಿ. ಅವತ್ತೂ ಸರಿ ಇತ್ತು."

"ನೌಕರಿ ಹೋತು, ಹೋಗ್ಲಿ, ಇನ್ನೊಂದು ಸಿಕ್ತು. ಆದ್ರ ಸರ್, ಮೂರನೇ ಕ್ಲಾಸಿನ ಲೆಕ್ಕ ಬಿಡಿಸಿದ್ರೂ ಮೂರು ಸಲ ತಿರುಗಿ ನೋಡ್ತೀನಿ ನಾ. ನನ್ನ ಮ್ಯಾಲ ನನಗ ಭರೋಸಾ ಇಲ್ಲ. ಅದನ್ನ ತಗೊಂಡ್ರಿ ನೀವು."

"ಹೌದ್ರಿ," ಎಂದೆ.

ಅವರು ಹೊರಗೆ ಹೋಗಿ ನಳದ ಕೆಳಗೆ ಮುಖ ತೊಳೆದು ಬಂದರು. ನಾನು ಕ್ಷಮೆ ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ. ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತು ಕೀಬೋರ್ಡನ್ನು ಹತ್ತಿರ ಎಳೆದುಕೊಂಡರು.

"ನಾ ಬರದದ್ದು ಎಲ್ಲೆರ ಐತೇನ್ರಿ ಇನ್ನ?"

"ಐತ್ರಿ, ನನ್ನ ಹಂತ್ಯಾಕ, ಮನ್ಯಾಗ ಟ್ರಂಕಿನ್ಯಾಗ."

"ತಂದಕೊಡ್ರಿ. ನಾ ಓದಬೇಕು."

ಮರುದಿನ ಮೊದಲ ಬಸ್ಸಿಗೇ ಸಿಡಿ ಒಯ್ದು ಕೊಟ್ಟೆ. ಪ್ರಾರ್ಥನೆಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಅವರು ತಾವೇ ಅದನ್ನು ತೆರೆದು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. ಯಾವ ಸಾಲನ್ನೂ ಎರಡನೆಯ ಸಲ ತಿರುಗಿ ನೋಡಲಿಲ್ಲ.