ಸಾಕೆಂದರೂ ಬಿಡದ ಅಮ್ಮಾಜಮ್ಮ

ಬಂಗಾರಪೇಟೆ ಸೀಮೆಯ ಕೂಲಿ ಹೆಂಗಸು ಅಮ್ಮಾಜಮ್ಮ. ಅವಳ ಮನೆಯಲ್ಲಿ ಉಂಡವರು ಸಾಕೆಂದರೆ ಅದು ಅವಳಿಗೆ ಅವಮಾನ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಕನಕಮ್ಮ ಊಟವನ್ನೇ ಬಿಟ್ಟಳು.

ಎಂಬತ್ತರ ದಶಕ. ಊರಿಗೊಂದು ಬೋರ್‌ವೆಲ್ ಕೊಡಿ ಎಂದು ಕೂಲಿಯವರು ತಾಲ್ಲೂಕು ಕಚೇರಿ ಮುಂದೆ ಸರದಿ ಉಪವಾಸ ಕೂತರು. ಬೆಳಗ್ಗೆ ಕೂತವರು ಸಂಜೆ ಏಳುವುದು. ನಡುವೆ ಶಾಮಿಯಾನದ ಹಿಂದೆ ಹೋಗಿ ಬೋಂಡ ನುಂಗಿ ಬರುವವರೂ ಇದ್ದರು. ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಕನಕ ಮಾತ್ರ ತನ್ನ ಸರದಿ ಮುಗಿದರೂ ಏಳಲಿಲ್ಲ. ಮುಂದಾಳು ಕೋದಂಡಪ್ಪ ಅವಳಿಗೆ ಹಾರ ಹಾಕಿ, "ನೋಡ್ರಲಾ, ಬೋಂಡ ನುಂಗೋ ಗಂಡಸ್ರಾ, ಇವಳ ಕಾಲು ತೊಳ್ದು ನೀರು ಕುಡೀರಿ" ಅಂದ. ಜನ ನಕ್ಕರು. ಅಮ್ಮಾಜಮ್ಮನ ಎದೆ ಉಬ್ಬಿತು.

ಬೋರ್ ಕೊರೆದರು, ಶಾಮಿಯಾನ ಬಿಚ್ಚಿದರು. ಕನಕಳ ಉಪವಾಸ ಮುಗಿಯಲಿಲ್ಲ. ದಿನಕ್ಕೊಂದು ಲೋಟ ಮಜ್ಜಿಗೆ, ನಿಂಬೆಗಾತ್ರ ಮುದ್ದೆ, ಅಷ್ಟೇ.

"ನೀರು ಬಂತಲ್ಲೇ, ಇನ್ಯಾತಕ್ಕೆ ಉಪಾಸ?"

"ಗೂಡಿನ ಮೇಸ್ತ್ರಿ ಮಾತು ನಾನು ಕೇಳ್ಬೇಕು, ನಿನ್ ಮಾತೂ ಕೇಳ್ಬೇಕು. ಈ ಅಸಿವು ಒಂದೇ ಕಣಮ್ಮ, ನನ್ ಮಾತು ಕೇಳೋದು."

ತಿಂಗಳುಗಟ್ಟಲೆ ಹೀಗೇ ನಡೆಯಿತು. ಮುಟ್ಟು ನಿಂತಿತು. ಬಾಚಿದರೆ ಕೂದಲು ಹಿಡಿಗಟ್ಟಲೆ ಬಂತು. ಬೇಸಿಗೆಯ ಬಿಸಿಲಲ್ಲೂ ಕಂಬಳಿ ಹೊದೆಯುತ್ತಿದ್ದಳು. ಎಳೆಗೂಸಿನ ಮೈಮೇಲಿನಂಥ ನವಿರು ರೋಮ ತೋಳಿನ ಮೇಲೆ ಹುಟ್ಟಿತು. ಒಮ್ಮೆ ಇಟ್ಟಿಗೆ ಹೊತ್ತು ನಿಂತಲ್ಲೇ ಕುಸಿದಳು. ದೇವಿ ಮೈಮೇಲೆ ಬರುವ ಲಕ್ಷಣ ಎಂದು ಊರವರು ಕಾಲು ಮುಟ್ಟಿ ಹೋದರು. ಅಮ್ಮಾಜಮ್ಮ ಬೈದಳು, ಹೊಡೆದಳು, ಅತ್ತಳು. ಡಾಕ್ಟರ ಹತ್ತಿರ ಮಾತ್ರ ಕರೆದೊಯ್ಯಲಿಲ್ಲ. ಉಣ್ಣಲು ಇಲ್ಲದ ಕಷ್ಟ ಆ ಊರಿಗೆ ಗೊತ್ತಿತ್ತು. ಇದ್ದೂ ಉಣ್ಣಲಾರದ ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಕನಕ ಗೋಡೆ ಹಿಡಿದು ಬಂದು ಒಲೆ ಪಕ್ಕ ಕೂತಳು. "ಬಯ ಆಗ್ತೈತಮ್ಮ. ಎದೆ ನಿಂತು ನಿಂತು ಬಡ್ಕೊಳ್ತೈತೆ. ಇಕ್ಕು, ಉಣ್ತೀನಿ."

ಅಮ್ಮಾಜಮ್ಮ ಹುಂಜ ಕೊಯ್ದಳು. ಮುದ್ದೆ, ಕೋಳಿಸಾರು, ಮೇಲೆ ಅನ್ನ, ಬೆಲ್ಲದ ಪಾನಕ. ಮಗಳು ಸಾಕೆಂದರೂ ತುತ್ತು ಮುರಿದು ಬಾಯಿಗಿಟ್ಟಳು. ಮಾರನೆಯ ದಿನವೂ ಹಾಗೇ. ಪಾದ ಊದಿಕೊಂಡಾಗ, ಮೈ ತುಂಬುತ್ತಿದೆ ಅಂದುಕೊಂಡಳು. ಉಸಿರು ಸಿಗದೆ ಒದ್ದಾಡಿದಾಗ ಬಸ್ಸಿನ ಸೀಟಿನಲ್ಲಿ ಮಲಗಿಸಿಕೊಂಡು ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲಿ ಹೃದಯ ಸೋತಿತ್ತು.

"ಬರಿದಾದ ಮೈಗೆ ಒಂದೇ ಸಲ ತುಂಬಬಾರದಿತ್ತಮ್ಮ," ಅಂದರು ಡಾಕ್ಟರು, ಊದಿದ ಪಾದವನ್ನು ಹೆಬ್ಬೆರಳಲ್ಲಿ ಒತ್ತಿ, ಬಿದ್ದ ಗುಳಿ ತೋರಿಸುತ್ತ. "ಇದು ಮೈ ತುಂಬಿದ್ದಲ್ಲ, ನೀರು. ಆಸ್ಪತ್ರೆಯಲ್ಲಿಟ್ಟು, ರಕ್ತ ನೋಡ್ಕೊಂಡು, ಚೂರುಚೂರೇ ಕೊಡ್ಬೇಕು. ಮೊದಲೇ ಕರ್ಕೊಂಡು ಬರ್ಬೇಕಿತ್ತು."

ಮಣ್ಣು ಮಾಡಿದ ಮೇಲೆ ಕೋದಂಡಪ್ಪ ಬಂದ. ಇನ್ನೊಂದು ಉಪವಾಸ ಕೂರುವುದಿತ್ತು. ಕನಕಳ ಫೋಟೋ ಬೇಕು, ಹುತಾತ್ಮಳು ಅಂತ ಬರೆಸಬೇಕು ಅಂದ.

"ಅವಳು ಓರಾಟದಾಗೆ ಸಾಯ್ಲಿಲ್ಲ ಕೋದಂಡಣ್ಣ. ನೀನು ಆರ ಆಕ್ದೆ, ನಾನು ಮುದ್ದೆ ಇಕ್ಕಿದೆ. ಬರೆಸೋದಾದ್ರೆ ಇದ್ನ ಬರೆಸು."

ಅವನು ಬರಿಗೈಯಲ್ಲಿ ಹೋದ.

ಆಮೇಲೆ ಅಮ್ಮಾಜಮ್ಮನಿಗೆ ಒಂದು ಗೀಳು ಹತ್ತಿತು. ಮನೆಯಲ್ಲಿ ಯಾರು ಉಂಡರೂ ಕೈ ತೊಳೆಯುವ ಮೊದಲೇ ಬಗ್ಗಿ, ಅವರ ಪಾದವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವಳು, ಗುಳಿ ಬೀಳುತ್ತದೋ ಎಂದು. ನೆಂಟರು ಮೊದಮೊದಲು ನಕ್ಕರು. ಆಮೇಲೆ ಊಟಕ್ಕೆ ಬರುವುದನ್ನೇ ಬಿಟ್ಟರು.