ಅರ್ಧ ದಾರಿಯೇ ಇಲ್ಲದ ವಿಮಾನ

“ಚಿತ್ರದುರ್ಗ ಬಂದ್ರೆ ಒಸಿ ಹೇಳವ್ವ, ಮಗಳಿಗೆ ಫೋನ್ ಮಾಡ್ಬೇಕು” ಎಂದು ನಮ್ಮತ್ತೆ ಗಗನಸಖಿಯ ಕೈ ಹಿಡಿದುಕೊಂಡುಬಿಟ್ಟರು. ಪಕ್ಕದಲ್ಲಿದ್ದ ನಾನು ಕಿಟಕಿಯತ್ತ ಮುಖ ತಿರುಗಿಸಿದೆ. ಆ ಹುಡುಗಿ ನಗು ತಡೆದುಕೊಂಡು, “ಇನ್ನೇನು ಹುಬ್ಬಳ್ಳೀಲಿ ಇಳೀತೀವಿ ಅಮ್ಮಾ, ಬೆಲ್ಟ್ ಹಾಕ್ಕೊಳ್ಳಿ” ಎಂದಳು.

ಮೈಸೂರಿನಿಂದ ಹಾರಿ ಗಂಟೆಯಾಗಿತ್ತಷ್ಟೆ. ನಮ್ಮ ವಿರೂಪಾಕ್ಷಿಪುರದಿಂದ ಮೈಸೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು. ಆದರೆ ನಮ್ಮನೆಯ ಪದ್ಧತಿ ಕೇಳಿ. ಹುಬ್ಬಳ್ಳಿಯ ನಾದಿನಿ ಮನೆಗೆ ಬಸ್ಸಿನಲ್ಲಿ ಹೋಗುವಾಗ ಅರ್ಧ ದಾರಿಯ ಚಿತ್ರದುರ್ಗದಿಂದ ಫೋನ್ ಮಾಡಬೇಕು. ಆಮೇಲೇ ಅಲ್ಲಿ ಕೋಳಿ ಕೊಯ್ಯುವುದು, ಒಲೆ ಹಚ್ಚುವುದು. ಈ ಸಲ ವಿಮಾನವೆಂದು ಗೊತ್ತಿದ್ದೂ ತಾಯಿ ಮಗಳು ಹಾಗೆಯೇ ಮಾತಾಡಿಕೊಂಡಿದ್ದರು.

ಇಳಿದು ಫೋನ್ ಮಾಡಿದರೆ ನಾದಿನಿ ಕೇಳಿದ್ದು ಒಂದೇ: “ದುರ್ಗ ಬಂತೇನವ್ವ?”

“ಎಲ್ಲಿ ದುರ್ಗ! ನಿಮ್ಮೂರಲ್ಲೇ ನಿಂತಿವ್ನಿ ಕಣೇ!” ಅತ್ತೆ ಕೂಗಿದ ರಭಸಕ್ಕೆ ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಹೊರಗೆ ರಾಗಿಹಿಟ್ಟಿನ ಚೀಲದ ಪಕ್ಕ ಕುಳಿತು, ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಅತ್ತೆಯ ಅಳಿಯಂದಿರ ದಾರಿ ಕಾದೆವು. ಮನೆ ತಲುಪಿದಾಗ ನಮ್ಮ ಊಟಕ್ಕೆ ಆಗಬೇಕಿದ್ದ ಕೋಳಿ ಇನ್ನೂ ಹಿತ್ತಲಲ್ಲಿ ಆರಾಮಾಗಿ ಮಣ್ಣು ಕೆದಕುತ್ತಿತ್ತು.

ವಿಮಾನ ಹೇಗಿತ್ತೆಂದು ಊರಿನಲ್ಲಿ ಯಾರೇ ಕೇಳಲಿ, ಅತ್ತೆ ಮೋಡದ ಸುದ್ದಿ ಎತ್ತುವುದಿಲ್ಲ. “ಅದ್ಕೆ ಅರ್ಧ ದಾರಿನೇ ಇಲ್ಲ ಕಣ್ರವ್ವ. ಕೂತ್ಕೊಂಡ್ ಬರೋರ್ಗೇನೋ ಸುಖ, ಅಡುಗೆ ಮಾಡೋರ ಗತಿ ಏನು?” ಎನ್ನುತ್ತಾರೆ.